ಕಲ್ಲನ್ನು ಮುಚ್ಚಿಡದವರು

26 ಮಾರ್ಚ್ 2025, ಬುಧವಾರ
ಉಡುಪಿ

ಸ್ಯಾಮ್ಯುಯೆಲ್ ಪೀಪ್ಸ್‌ಗೆ ಮಾರ್ಚ್ 26 ಅಂದರೆ ಹಬ್ಬ. ಲಂಡನ್ನಿನ ಈ ದಿನಚರಿಕಾರ ಮೂತ್ರಚೀಲದ ಕಲ್ಲು ತೆಗೆಸಿಕೊಂಡದ್ದು 1658ರ ಈ ದಿನ. ಆಗ ಅವನಿಗೆ 25 ವರ್ಷ. ಅರಿವಳಿಕೆ ಬರಲು ಇನ್ನೂ ಸುಮಾರು ಇನ್ನೂರು ವರ್ಷ ಬಾಕಿ ಇತ್ತು. ರೋಗಿಯನ್ನು ಕಟ್ಟಿಹಾಕಿ, ಗಟ್ಟಿ ಆಳುಗಳು ಅದುಮಿ ಹಿಡಿದುಕೊಂಡು, ಕಾಲುಗಳ ನಡುವೆ ಕೊಯ್ದು, ಇಕ್ಕಳ ಹಾಕಿ ಕಲ್ಲನ್ನು ಎಳೆಯುತ್ತಿದ್ದ ಕಾಲ ಅದು. ಎಷ್ಟೋ ಜನ ಅದರಲ್ಲೇ ಸಾಯುತ್ತಿದ್ದರು. ಪೀಪ್ಸ್ ಬದುಕಿದ. ಬದುಕಿರುವವರೆಗೂ ಈ ದಿನವನ್ನು ಹಬ್ಬವಾಗಿ ಆಚರಿಸುತ್ತೇನೆ ಎಂದು 1660ರಲ್ಲಿ ಬರೆದುಕೊಂಡ.

ಆ ಕಲ್ಲನ್ನು ಅವನು ಬಿಸಾಡಲಿಲ್ಲ. ಅದನ್ನು ಇಡಲಿಕ್ಕೆಂದೇ 1664ರಲ್ಲಿ 25 ಶಿಲ್ಲಿಂಗ್ ಖರ್ಚಿನ ಒಂದು ಪೆಟ್ಟಿಗೆಗೆ ಹೇಳಿ ಬಂದ. 1669ರ ಜೂನ್‌ನಲ್ಲಿ ಅವನ ಸ್ನೇಹಿತ ಜಾನ್ ಈವ್ಲಿನ್‌ನ ತಮ್ಮ ರಿಚರ್ಡ್‌ಗೆ ಇದೇ ಕಾಯಿಲೆ ಜೋರಾಯಿತು. ಕೊಯ್ಸಿಕೊಳ್ಳಲು ಅವನಿಗೆ ಧೈರ್ಯ ಬರಬೇಕಿತ್ತು. ಪೀಪ್ಸ್ ತನ್ನ ಕಲ್ಲನ್ನು ತೆಗೆದುಕೊಂಡು ಅವನ ಮನೆಗೇ ಹೋದ. ಟೆನಿಸ್ ಚೆಂಡಿನಷ್ಟು ದೊಡ್ಡದು ಎಂದು ಈವ್ಲಿನ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ನೋಡು, ಇಷ್ಟು ದೊಡ್ಡದು ನನ್ನೊಳಗೆ ಇತ್ತು, ನಾನು ನಿನ್ನ ಎದುರಿಗೆ ಕೂತಿದ್ದೇನೆ ಅಂತ ತೋರಿಸುವುದಕ್ಕೆ! ಪೀಪ್ಸ್ ಬಗ್ಗೆ ಓದಿದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ನೋವು ಉಂಡವನು ಇನ್ನೊಬ್ಬ ನೋವಿನವನ ಮನೆ ಹುಡುಕಿಕೊಂಡು ಹೋದ ಅಲ್ವಾ?

ಇದನ್ನೆಲ್ಲ ಓದಲು ಕೂತದ್ದು ಅಕ್ಕನ ದೆಸೆಯಿಂದ. ಕಳೆದ ವಾರ ಬೆಳಗಿನ ಜಾವ ಅವಳಿಗೆ ಬೆನ್ನಿನ ಎಡಬದಿಯಿಂದ ನೋವು ಶುರುವಾಗಿ ತೊಡೆಸಂದಿಯವರೆಗೆ ಇಳಿಯಿತು. ಕೂರಲಿಕ್ಕೂ ಆಗುವುದಿಲ್ಲ, ಮಲಗಲಿಕ್ಕೂ ಆಗುವುದಿಲ್ಲ. ಗೋಡೆ ಹಿಡಿದುಕೊಂಡು ನಡುಮನೆಯಲ್ಲಿ ಅತ್ತಿತ್ತ ನಡೆಯುತ್ತಲೇ ಇದ್ದಳು. ಎರಡು ಸಲ ವಾಂತಿ ಆಯಿತು. ಭಾವ ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಮಾಡಿದರು. ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಕಿಡ್ನಿಯಿಂದ ಮೂತ್ರನಾಳಕ್ಕೆ ಜಾರಿದ 5 ಮಿಲಿಮೀಟರ್ ಕಲ್ಲು. ಪೀಪ್ಸ್‌ನದ್ದರ ಮುಂದೆ ಅದು ಏನೂ ಅಲ್ಲ. ಆದರೆ ಆ ಸಪೂರ ನಾಳದಲ್ಲಿ ಸಿಕ್ಕಿಕೊಂಡರೆ ಅಷ್ಟೇ ಸಾಕು.

ಡಾಕ್ಟರು ಮೊದಲು ಕೇಳಿದ್ದು, "ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ?" ಅಕ್ಕ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ನನ್ನ ಹತ್ತಿರ ಹೇಳಿದಳು: "ನೀರು ಕುಡಿದ್ರೆ ಹೋಗ್ಬೇಕಾಗ್ತದೆ ಮಾರಾಯ್ತಿ. ಹೋಗುವುದು ಎಲ್ಲಿಗೆ?"

ಅವಳು ಕೆಲಸ ಮಾಡುವುದು ಒಂದು ಬಟ್ಟೆ ಅಂಗಡಿಯಲ್ಲಿ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ಇರಬೇಕು. ಹೆಂಗಸರಿಗೆ ಶೌಚಾಲಯ ಇರುವುದು ಪಕ್ಕದ ಕಟ್ಟಡದಲ್ಲಿ, ಅದರ ಬೀಗದಕೈ ಕೌಂಟರಿನಲ್ಲಿ. ಗಿರಾಕಿಗಳ ಎದುರು ಗಂಡಸರ ಹತ್ತಿರ ಕೀ ಕೇಳಲು ನಾಚಿಕೆ. ಹಾಗಾಗಿ ಅಲ್ಲಿನ ಹುಡುಗಿಯರೆಲ್ಲ ಸುಮ್ನೆ ಬಾಯಾರಿಕೆ ತಡೆದುಕೊಳ್ಳುತ್ತಾರೆ. ನಮ್ಮ ಮಾರ್ಚ್, ಏಪ್ರಿಲ್‌ನ ಸೆಕೆ ಗೊತ್ತಲ್ಲ? ಮೈಯ ನೀರೆಲ್ಲ ಬೆವರಾಗಿ ಹೋಗುತ್ತದೆ. ಮೂತ್ರ ಕಡಿಮೆಯಾಗಿ ಗಟ್ಟಿಯಾಗುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿ ಹರಳು ಕಟ್ಟುತ್ತದೆ. ಅಕ್ಕನ ಕಲ್ಲಿಗೆ ದೊಡ್ಡ ಕಾರಣ ಅವಳು ತಿಂದ ಬಸಳೆ ಅಂತ ನನಗೆ ಅನಿಸುವುದಿಲ್ಲ. ಆ ಬೀಗದಕೈ ಅಂತಲೇ ಅನಿಸುತ್ತದೆ.

ಮೈಕೆಲಾಂಜೆಲೊಗೂ ಮದ್ದು ನೀರೇ ಆಗಿತ್ತು. 1549ರಲ್ಲಿ, 74ನೇ ವಯಸ್ಸಿನಲ್ಲಿ, ರೋಮಿನ ಸಂತ ಪೀಟರ್ ಚರ್ಚಿನ ಕೆಲಸ ತಲೆಮೇಲಿದ್ದಾಗಲೇ ಅವನಿಗೆ ಕಲ್ಲಿನ ಕಾಟ ಬಂತು. ಫ್ಲಾರೆನ್ಸಿನಲ್ಲಿದ್ದ ಅಣ್ಣತಮ್ಮಂದಿರ ಮಗ ಲಿಯೊನಾರ್ಡೊಗೆ ಪತ್ರಗಳಲ್ಲಿ ಎಲ್ಲವನ್ನೂ ಬರೆದ. ರೋಮಿನಿಂದ 40 ಮೈಲಿ ದೂರದ ಒಂದು ಒರತೆಯ ನೀರು ಕಲ್ಲನ್ನು ಒಡೆಯುತ್ತದಂತೆ, ಅದನ್ನೇ ಕುಡಿಯುತ್ತಿದ್ದೇನೆ, ಅಡುಗೆಗೂ ಅದೇ, ಎಂದ. ಫ್ಯೂಜಿ ಎಂಬ ಊರಿನವರು ಅದು ತಮ್ಮಲ್ಲಿಯದೇ ಎಂದು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಅವನು ಆಮೇಲೆ ಸುಮಾರು 15 ವರ್ಷ ಬದುಕಿ ಕೆಲಸ ಮಾಡಿದ.

ಫ್ರಾನ್ಸಿನ ಪ್ರಬಂಧಕಾರ ಮೊಂಟೇನ್ ಇನ್ನೂ ಒಂದು ಹೆಜ್ಜೆ ಮುಂದೆ. ಅವನ ಅಪ್ಪನಿಗೂ ಇದೇ ಕಾಯಿಲೆ ಇತ್ತು. 1580ರಲ್ಲಿ ಜರ್ಮನಿ, ಇಟಲಿ ಕಡೆ ಹೊರಟು ದಾರಿಯುದ್ದಕ್ಕೂ ಬಿಸಿನೀರಿನ ಬುಗ್ಗೆಗಳಲ್ಲಿ ಮಿಂದ, ಕುಡಿದ, ಯಾವ ದಿನ ಎಂಥ ಕಲ್ಲು ಹೊರಬಿತ್ತು ಎಂದು ಪ್ರವಾಸದ ದಿನಚರಿಯಲ್ಲಿ ಬರೆಸಿದ, ಬರೆದ. 1581ರಲ್ಲಿ ಬೋರ್ಡೊ ನಗರ ಅವನನ್ನು ಮೇಯರ್ ಆಗಿ ಆರಿಸಿದ ಸುದ್ದಿ ಸಿಕ್ಕಿದ್ದೂ ಇಟಲಿಯ ಅಂಥದೇ ಒಂದು ಸ್ನಾನದ ಊರಿನಲ್ಲಿ.

ಮೂರನೇ ನೆಪೋಲಿಯನ್ ಮಾತ್ರ ಮುಚ್ಚಿಟ್ಟ. ಫ್ರಾನ್ಸಿನ ಚಕ್ರವರ್ತಿ ಅಲ್ವಾ? 1870ರಲ್ಲಿ ಮೂತ್ರಚೀಲದ ಕಲ್ಲು ಇಟ್ಟುಕೊಂಡೇ ಸೆಡಾನ್ ಯುದ್ಧದಲ್ಲಿ ಗಂಟೆಗಟ್ಟಲೆ ಕುದುರೆ ಮೇಲೆ ಕೂತ. ಸೋತು ಸೆರೆಯಾದ. 1873ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಕಲ್ಲಿನ ಚಿಕಿತ್ಸೆ ನಡೆಯುತ್ತಿರುವಾಗಲೇ ತೀರಿಕೊಂಡ.

ನಮ್ಮ ಸುಶ್ರುತ ಸಂಹಿತೆಯಲ್ಲೂ ಇದು ಉಂಟು. ಕೊಯ್ಯದಿದ್ದರೆ ಸಾವು ಖಂಡಿತ, ಕೊಯ್ದರೆ ಬದುಕುವುದು ಅನುಮಾನ, ಹಾಗಾಗಿ ರಾಜನ ಒಪ್ಪಿಗೆ ಪಡೆದೇ ಕೈಹಾಕು ಎನ್ನುತ್ತದೆ. ಆ ಕಾಲದಲ್ಲಿ ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಾರಲ್ಲ ಎಂದು ಓದುವಾಗ ಮೈ ಜುಮ್ಮೆಂದಿತು.

ಅಕ್ಕನ ಕಲ್ಲು ಮೊನ್ನೆ ತಾನಾಗಿಯೇ ಹೋಯಿತು. ಮೂತ್ರ ದಿನಕ್ಕೆ ಎರಡೂವರೆ ಲೀಟರಿನಷ್ಟು ಆಗುವ ಹಾಗೆ ನೀರು ಕುಡಿಯಬೇಕು, ಉಪ್ಪು ಕಡಿಮೆ ಮಾಡಬೇಕು, ಮಜ್ಜಿಗೆ ಬಿಡುವುದು ಬೇಡ, ನೋವಿನ ಜೊತೆ ಜ್ವರ ಬಂದರೆ ಕಾಯದೆ ಓಡಿ ಬರಬೇಕು ಎಂದರು ಡಾಕ್ಟರು. ಅತ್ತೆ ಬಾಳೆದಿಂಡಿನ ಪಲ್ಯ ಮಾಡಿ ಹಾಕುತ್ತಿದ್ದಾರೆ. ಅದರಿಂದ ಕಲ್ಲು ಕರಗಲಿಕ್ಕಿಲ್ಲ, ಆದರೆ ರುಚಿಯಂತೂ ಉಂಟು.

ನಿನ್ನೆ ರಾತ್ರಿ ಊಟ ಆದ ಮೇಲೆ ಪೀಪ್ಸ್ ಪೆಟ್ಟಿಗೆಯ ಕತೆಯನ್ನು ಅವಳಿಗೆ ಹೇಳಿದೆ. ತುಂಬಾ ಹೊತ್ತು ಯೋಚಿಸಿದಳು. ಇವತ್ತು ಅಂಗಡಿಗೆ ಹೋದವಳು ಮಧ್ಯಾಹ್ನ ಊಟಕ್ಕೆ ಕೂತಾಗ ಉಳಿದ ಹುಡುಗಿಯರಿಗೆ ತನಗೆ ಆದದ್ದನ್ನೆಲ್ಲ ಬಿಡಿಸಿ ಹೇಳಿದಳಂತೆ. ಅವರಲ್ಲಿ ಇಬ್ಬರು ತಮಗೂ ಉರಿಮೂತ್ರ ಉಂಟು ಎಂದರಂತೆ. ಕೀ ಹೆಂಗಸರ ಕೈಯಲ್ಲೇ ಇರಬೇಕು, ಮಹಡಿಯಲ್ಲಿ ಒಂದು ನೀರಿನ ಕ್ಯಾನ್ ಬೇಕು, ಬಿಡುವು ಬೇಕು ಎಂದು ಮಾಲೀಕರಿಗೆ ಒಂದು ಪತ್ರ ಬರೆದುಕೊಡಲು ನನಗೆ ಹೇಳಿದ್ದಾಳೆ. ಬರೆದಾಯಿತು. ಮೊದಲ ಸಹಿ ಅವಳದೇ. ನಾಳೆ ಅಂಗಡಿ ತೆರೆಯುವಾಗಲೇ ಕೊಡುತ್ತಾರೆ.