ಅವ್ವನ ಹರಕೆ, ನನ್ನ ರೊಟ್ಟಿ

“ಗವಿಸಿದ್ಧಾ, ನನ್ನ ಸೊಸೆಯ ಕೈ ನೆಟ್ಟಗೆ ಮಾಡು. ಬರುವ ಜಾತ್ರೆಯ ದಾಸೋಹಕ್ಕೆ 501 ರೊಟ್ಟಿ ಕಳಿಸುತ್ತೇವೆ.” ಆಸ್ಪತ್ರೆಯ ವಾರ್ಡಿನಲ್ಲಿ ಅವ್ವ ಕಣ್ಣು ಮುಚ್ಚಿ, ಕೊಪ್ಪಳದ ಗವಿಸಿದ್ಧೇಶ್ವರನಿಗೆ ಕೈಮುಗಿದು ಹೀಗೆ ಹರಕೆ ಹೊತ್ತಳು. ಮಂಚದ ಮೇಲೆ ಮಲಗಿದ್ದ ನನ್ನ ಹೆಂಡತಿ ಅಷ್ಟು ನೋವಿನಲ್ಲೂ ಒಂದು ಮಾತು ಕೇಳಿದಳು: “ಅತ್ತೆ, ಆ ರೊಟ್ಟಿ ಬಡಿಯುವವರು ಯಾರು?”

ಅವ್ವ ಉತ್ತರ ಕೊಡಲಿಲ್ಲ. ಆಕೆಗೆ ಎಪ್ಪತ್ತು ದಾಟಿದೆ, ಒಲೆಯ ಮುಂದೆ ಹತ್ತು ನಿಮಿಷ ಕುಳಿತರೆ ಮೊಣಕಾಲು ಹಿಡಿಯುತ್ತದೆ. ಮಗಳು ಏಳನೇ ತರಗತಿ. ಉಳಿದವನು ನಾನು. ಆದರೆ ಆ ಕ್ಷಣ ಯಾರಿಗೂ, ಗವಿಸಿದ್ಧನ ಆಣೆಗೂ ನನಗೆ ಕೂಡ, ಅದು ಹೊಳೆಯಲಿಲ್ಲ.

ಯಲಬುರ್ಗಾ ತಾಲ್ಲೂಕಿನ ಎರೆ ಸೀಮೆ ನಮ್ಮದು. ಹಿಂಗಾರಿಗೆ ಬಿಳಿಜೋಳ, ಕಡಲೆ. 2024ರ ಫೆಬ್ರುವರಿಯಲ್ಲಿ ಜೋಳ ಕೊಯ್ಯುವಾಗ ದಂಟು ಹಿಡಿದಿದ್ದ ಎಡಗೈಗೆ ಕುಡುಗೋಲು ಜಾರಿತು. ನಡುಬೆರಳು, ಉಂಗುರ ಬೆರಳು, ಎರಡರ ಒಳಮೈಯೂ ಸೀಳಿತು. ಮೊದಲು ತೋರಿಸಿದ ಕಡೆ ಚರ್ಮ ಹೊಲಿದು ಮನೆಗೆ ಕಳಿಸಿದರು. ಗಾಯ ಮಾಯತೊಡಗಿತು, ನಾವೂ ಸಮಾಧಾನಪಟ್ಟುಕೊಂಡೆವು. ಆದರೆ ಮುಷ್ಟಿ ಕಟ್ಟು ಎಂದರೆ ಆ ಎರಡು ಬೆರಳು ಕಂಬದಂತೆ ನೆಟ್ಟಗೆ ನಿಲ್ಲುತ್ತಿದ್ದವು. ಒಂಬತ್ತನೇ ದಿನ ಕುಕನೂರು, ಗದಗ ದಾಟಿ ಹುಬ್ಬಳ್ಳಿಗೆ ಓಡಿದೆವು.

ಊರೆಲ್ಲ ‘ನರ ಕಡಿದಿದೆ’ ಎನ್ನುತ್ತಿತ್ತು. ವೈದ್ಯರು, ಎರಡು ಕಡಿದಿವೆ ಎಂದರು. ಸ್ಪರ್ಶ ತಿಳಿಸುವುದು ನರ, ಬೆರಳನ್ನು ಮಡಿಚುವುದು ಸ್ನಾಯುರಜ್ಜು. ರಜ್ಜು ಎಂದರೆ ಹಗ್ಗವೇ. ಎಳೆಯುವ ಸ್ನಾಯು ಮೇಲೆ ಮುಂಗೈಯಲ್ಲಿರುತ್ತದೆ, ಬೆರಳು ಈ ತುದಿಗೆ. ನನ್ನ ಅಪ್ಪ ಎತ್ತು ಕಟ್ಟಿ ಬಾವಿಯ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದುದನ್ನು ನಾನು ಕಂಡಿದ್ದೇನೆ, ಆದ್ದರಿಂದ ತಕ್ಷಣ ತಿಳಿಯಿತು: ಹಗ್ಗ ಹರಿದ ಮೇಲೆ ಎತ್ತು ಎಷ್ಟು ಜಗ್ಗಿದರೂ ಬಾನಿ ಮೇಲೆ ಬರುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಹಗ್ಗ ಹೊಲಿದರು. ಹೊಲಿದ ಹಗ್ಗದ್ದು ವಿಚಿತ್ರ ಸ್ವಭಾವ. ಸುಮ್ಮನೆ ಇಟ್ಟರೆ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬಿಡುತ್ತದೆ, ಜೋರಾಗಿ ಎಳೆದರೆ ಹರಿಯುತ್ತದೆ. ಆದ್ದರಿಂದ ಸುಮಾರು 6 ವಾರ ಕೈಯ ಹಿಂಬದಿಗೆ ಸ್ಪ್ಲಿಂಟ್ ಎಂಬ ಆಸರೆ ಪಟ್ಟಿ, ಹೇಳಿಕೊಟ್ಟಷ್ಟೇ ಅಲುಗಾಟ. 12 ವಾರದವರೆಗೆ ಒಂದು ಕೊಡ ನೀರೂ ಎತ್ತುವಂತಿಲ್ಲ. ನರವಂತೂ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆಯಂತೆ. ನಾನು ಮಗಳ ಸ್ಕೇಲ್ ತಂದು ಗಾಯದಿಂದ ಬೆರಳ ತುದಿಗೆ ಅಳೆದೆ. ನಾಲ್ಕು ಸೆಂಟಿಮೀಟರ್. ನಲವತ್ತು ದಿನ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ. ಎಂಟು ತಿಂಗಳಾದರೂ ಉಂಗುರ ಬೆರಳ ತುದಿ ಮರಗಟ್ಟಿಯೇ ಇತ್ತು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಆಕೆ ಅತ್ತಿದ್ದು ನೋವಿಗಲ್ಲ, ಪೂಜೆಗೆ. ಇಷ್ಟಲಿಂಗವನ್ನು ಇಡುವುದು ಎಡ ಅಂಗೈಯಲ್ಲಿ. ಆ ಅಂಗೈ ಈಗ ಮಣಿಕಟ್ಟಿನಲ್ಲಿ ಬಾಗಿ, ಬೆರಳು ಒಳಗೆ ಸುರುಳಿ ಸುತ್ತಿ, ಪಟ್ಟಿಗಳ ನಡುವೆ ಗೂಡು ಸೇರಿದ ಹಕ್ಕಿಯಂತೆ ಕುಳಿತಿತ್ತು. ಆಕೆ ಮದುವೆಗೆ ಮುಂಚಿನಿಂದಲೂ ಒಂದು ದಿನ ಪೂಜೆ ಬಿಟ್ಟವಳಲ್ಲ. ನಾನು, “ನನ್ನ ಅಂಗೈ ಇದೆಯಲ್ಲ, ಇದರಲ್ಲಿಡು” ಎಂದು ಕೈ ಚಾಚಿದೆ. ಅವ್ವ ಗದರಿದಳು. ಒಬ್ಬರ ಲಿಂಗವನ್ನು ಇನ್ನೊಬ್ಬರ ಕೈಗೆ ಕೊಡಬಾರದು, ಅದು ದೀಕ್ಷೆಯಲ್ಲಿ ಗುರು ಕೊಟ್ಟದ್ದು. ಅಂಥ ನಿಯಮಗಳು ನನಗೆ ಸಾಮಾನ್ಯವಾಗಿ ಕಿರಿಕಿರಿ. ಅಂದು ಮಾತ್ರ ಅವ್ವ ಹೇಳಿದ್ದು ಸರಿ ಎನಿಸಿತು, ಯಾಕೆಂದರೆ ಹೆಂಡತಿಯೂ ಲಿಂಗವಿದ್ದ ಕರಡಿಗೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು.

ಕೊನೆಗೆ ದಾರಿ ಹುಡುಕಿದವಳು ಆಕೆಯೇ. ಲಿಂಗವನ್ನು ಬಲ ಅಂಗೈಗೆ ತೆಗೆದುಕೊಂಡಳು. ಪೂಜಿಸುವ ಕೈ ಹೀಗೆ ಲಿಂಗಕ್ಕೆ ಪೀಠವಾದ ಮೇಲೆ ಪೂಜಿಸಲು ಕೈ ಬೇಕಲ್ಲ, ಅದು ನನ್ನದಾಯಿತು. ನಾನು ಉದ್ಧರಣೆಯಿಂದ ನೀರು ಬಿಡುತ್ತಿದ್ದೆ, ಲಿಂಗಕ್ಕೆ ವಿಭೂತಿ ಧರಿಸುತ್ತಿದ್ದೆ, ಆಕೆ ‘ಹೂಂ’ ಎಂದಾಗ ಒಂದು ಪತ್ರೆ ಏರಿಸುತ್ತಿದ್ದೆ. ಮೊದಮೊದಲು ನೀರು ಹೆಚ್ಚಾಗಿ ಮೊಣಕೈಯವರೆಗೆ ಇಳಿದು ಸೀರೆ ತೊಯ್ಯುತ್ತಿತ್ತು. “ಹೊಲಕ್ಕೆ ನೀರು ಹಾಯಿಸುತ್ತಿದ್ದೀರಾ?” ಎಂದು ಬೈಯುತ್ತಿದ್ದಳು. ಹದಿನಾರು ವರ್ಷದ ಸಂಸಾರದಲ್ಲಿ ಆಕೆ ಪೂಜೆಗೆ ಕುಳಿತಾಗ ನಾನು ಹಲ್ಲುಜ್ಜುತ್ತಲೋ ಮೊಬೈಲ್ ನೋಡುತ್ತಲೋ ಇರುತ್ತಿದ್ದೆ. ಲಿಂಗವನ್ನು ದಿಟ್ಟಿಸುವಾಗ ಆಕೆಯ ಹುಬ್ಬಿನ ನಡುವಿನ ಗೆರೆ ಸಡಿಲಾಗುತ್ತದೆ ಎಂಬುದನ್ನು ಹದಿನೇಳನೆಯ ವರ್ಷದಲ್ಲಿ ಕಂಡೆ.

ಎಲ್ಲ ದಿನವೂ ಹೀಗೇ ಇತ್ತೆಂದು ತಿಳಿಯಬೇಡಿ. ಮಗಳ ಜಡೆ ಹೆಣೆಯಲಾಗದ ಸಿಟ್ಟು ನನ್ನ ಮೇಲೆ, ದುಡ್ಡಿನ ಚಿಂತೆಯ ಸಿಟ್ಟು ಆಕೆಯ ಮೇಲೆ, ಇಬ್ಬರ ಸಿಟ್ಟೂ ಅವ್ವನ ಮೇಲೆ. ಅವ್ವನ ಸಿಟ್ಟು ಎಮ್ಮೆಯ ಮೇಲೆ.

ರೊಟ್ಟಿಯ ಮಾತಿಗೆ ಬರುತ್ತೇನೆ. ಎರಡು ತಿಂಗಳು ಅಕ್ಕಪಕ್ಕದವರು ಕೊಟ್ಟರು, ಆಮೇಲೆ ಕೇಳಲು ನಾಚಿಕೆಯಾಯಿತು. ಮೇ ತಿಂಗಳ ಒಂದು ಸಂಜೆ ನಾನೇ ಒಲೆಯ ಮುಂದೆ ಕುಳಿತೆ. ಪಕ್ಕದಲ್ಲಿ ಆಕೆ, ಗುರುವಿನ ಹಾಗೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತನ್ನದೇ ಅಂಟಿಲ್ಲ, ಎಸರು ಕುದಿ ಬಂದಾಗಲೇ ಹಿಟ್ಟಿಗೆ ಸುರಿಯಬೇಕು, ಬಿಸಿ ಆರುವ ಮುಂಚೆ ನಾದಬೇಕು. ನಾನು ಆರಲು ಬಿಟ್ಟೆ. ಬಡಿಯುವಾಗ ಬಲಗೈ ಮಾತ್ರ ಕೆಲಸ ಮಾಡುತ್ತದೆ ಎಂದುಕೊಂಡಿದ್ದೆ. ಅಲ್ಲ. ಬಲಗೈ ಬಡಿಯುತ್ತದೆ ಅಷ್ಟೇ. ರೊಟ್ಟಿಯನ್ನು ತಿರುಗಿಸುವುದು, ಅಂಚು ಸೀಳದಂತೆ ಕಾಯುವುದು ಎಡಗೈ. ನನ್ನ ಮೊದಲ ರೊಟ್ಟಿ ಹಂಚಿಗೆ ಹೋಗುವ ಮುಂಚೆಯೇ ಮೂರು ಹೋಳಾಯಿತು. ನಾಲ್ಕನೆಯದು ಒಂದೇ ತುಂಡಾಗಿ ಹಂಚಿನ ಮೇಲೆ ಬಿದ್ದಿತು, ಆಕಾರ ಮಾತ್ರ ತುಂಗಭದ್ರಾ ಜಲಾಶಯದ ನಕ್ಷೆಯಂತಿತ್ತು. ಆಕೆ ನಕ್ಕಳು. ಫೆಬ್ರುವರಿಯ ನಂತರ ಆ ನಗು ಕೇಳಿದ್ದು ಅಂದೇ.

ಬೆರಳಿನ ವ್ಯಾಯಾಮಕ್ಕೆ ಫಿಸಿಯೋಥೆರಪಿಯವರು, ಸ್ಪ್ಲಿಂಟ್ ತೆಗೆದ ಮೇಲೆ, ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕೈ ಅದ್ದಲು, ಸ್ಪಂಜು ಹಿಸುಕಲು ಹೇಳಿದ್ದರು. ತಿಂಗಳುಗಳು ಕಳೆದ ಮೇಲೆ ಮೆತ್ತನೆಯ ಹಿಟ್ಟು ನಾದಲು. ಹೀಗಾಗಿ ಮನೆಯಲ್ಲಿ ದಿನವೂ ಎರಡು ಮುದ್ದೆ ಹಿಟ್ಟು. ನನ್ನದು ಜೋಳದ್ದು, ಆಕೆಯದು ನಿಂಬೆಗಾತ್ರದ ಗೋಧಿಯದು. ನಾನು ಊಟಕ್ಕೆ ನಾದುತ್ತಿದ್ದೆ, ಆಕೆ ಬೆರಳಿಗೆ. ನಡುಬೆರಳು ಸೆಪ್ಟೆಂಬರ್ ಹೊತ್ತಿಗೆ ಅಂಗೈ ಮುಟ್ಟಿತು. ಉಂಗುರ ಬೆರಳು ಅರ್ಧ ದಾರಿಗೆ ಬಂದು ನಿಂತುಬಿಟ್ಟಿತು.

ಡಿಸೆಂಬರ್ ಬಂದಾಗ ಹರಕೆಯ ಪ್ರಶ್ನೆ ಎದ್ದಿತು. ಕೈ ನೆಟ್ಟಗಾದರೆ ಎಂದಲ್ಲವೇ ಮಾತು? ಕೈ ಪೂರ್ತಿ ನೆಟ್ಟಗಾಗಿರಲಿಲ್ಲ. ಮಗಳು ಲೆಕ್ಕ ಬಿಡಿಸಿದಳು: ಕೈ ಮುಕ್ಕಾಲು ಸರಿಯಾಗಿದ್ದರೆ ಹರಕೆಯೂ ಮುಕ್ಕಾಲು, 501ರಲ್ಲಿ 375 ರೊಟ್ಟಿ, ಮೇಲೊಂದು ಮುಕ್ಕಾಲು ರೊಟ್ಟಿ. ನಾವೆಲ್ಲ ನಕ್ಕರೂ ನನಗೆ ಒಳಗೊಳಗೇ ಚುಚ್ಚಿತು. ನನ್ನ ಭಕ್ತಿ ಅಷ್ಟು ದಿನ ಇದ್ದದ್ದು ಹೀಗೆಯೇ, ಮಾರುಕಟ್ಟೆಯ ಚೌಕಾಸಿಯ ಹಾಗೆ. ನೀನು ಇಷ್ಟು ಕೊಡು, ನಾನು ಇಷ್ಟು ಕೊಡುತ್ತೇನೆ. ಅವ್ವನಿಗೆ ಆ ಗೊಂದಲವೇ ಇರಲಿಲ್ಲ. “ಹಸಿದು ಬಂದವರು ನಿನ್ನ ಹೆಂಡತಿಯ ಬೆರಳು ನೋಡಿ ಊಟಕ್ಕೆ ಕೂರುತ್ತಾರೇನು? ಅಕ್ಕಿ, ಜೋಳ, ರೊಟ್ಟಿ, ಊರೂರಿನಿಂದ ಹೋಗುತ್ತದೆ. ನಮ್ಮದೂ ಹೋಗಬೇಕು” ಎಂದಳು.

ಕೊಪ್ಪಳದ ಗವಿಸಿದ್ಧೇಶ್ವರ ಮಠದ ರಥೋತ್ಸವ ಪುಷ್ಯ ಬಹುಳ ಬಿದಿಗೆಗೆ, ಬನದ ಹುಣ್ಣಿಮೆ ಕಳೆದ ಎರಡನೇ ದಿನ. 2025ರಲ್ಲಿ ಅದು ಜನವರಿ 15ಕ್ಕೆ ಬಂತು, ಸಂಕ್ರಾಂತಿಯ ಮರುದಿನ. ಜಾತ್ರೆಯ ದಾಸೋಹಕ್ಕೆ ಲಕ್ಷಗಟ್ಟಲೆ ರೊಟ್ಟಿ ಬೇಕು, ಅವು ಸುತ್ತಲಿನ ಹಳ್ಳಿಗಳ ಒಲೆಗಳಿಂದ ಬರುತ್ತವೆ. ಖಡಕ್ ರೊಟ್ಟಿಯಾದ್ದರಿಂದ ವಾರಗಳ ಮುಂಚೆಯೇ ಮಾಡಿಡಬಹುದು. ಹೊಸ ವರ್ಷದ ಮೊದಲ ವಾರ ನಮ್ಮ ಅಂಗಳದಲ್ಲಿ ಐದು ಒಲೆ ಹೂಡಿದೆವು. ಓಣಿಯ ಹೆಂಗಸರು ಮುಯ್ಯಿಗೆ ಬಂದರು. ನಾಲ್ಕು ಒಲೆಗೆ ಅವರು, ಐದನೆಯದಕ್ಕೆ ನಾನು. “ಹಿರಿಯ ಸೊಸೆ ಚೆನ್ನಾಗಿ ಬಡಿಯುತ್ತಾಳೆ” ಎಂದು ಒಬ್ಬ ಅಜ್ಜಿ ನನ್ನನ್ನು ನೋಡಿ ಹೇಳಿದ್ದಕ್ಕೆ ಅಂಗಳವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಾನು ತಲೆ ಎತ್ತಲಿಲ್ಲ, ಎತ್ತಿದರೆ ಅಂಚು ಸೀಳುತ್ತದೆ.

ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಬಂದು, “ಸ್ವಲ್ಪ ಸರಿಯಿರಿ” ಎಂದಳು. ಹಿಟ್ಟು ಉದುರಿಸಿ, ಉಂಡೆ ಇಟ್ಟು ಬಡಿಯತೊಡಗಿದಳು. ಬಲಗೈಗೆ ಏನೂ ಮರೆತಿರಲಿಲ್ಲ. ಎಡಗೈಯ ಉಂಗುರ ಬೆರಳು ಮಾತ್ರ ಅಂಚಿನ ಮೇಲೆ ನಿಲ್ಲದೆ ಆಚೆ ಚಾಚಿಕೊಂಡಿತ್ತು. ರೊಟ್ಟಿ ತಿರುಗುವಾಗ ಪ್ರತಿ ಸುತ್ತಿಗೂ ಆ ಬೆರಳ ಕಡೆ ಒಂದು ಚಿಕ್ಕ ಕಚ್ಚು ಬೀಳುತ್ತಿತ್ತು. ಆಕೆ ಅದನ್ನು ತೇವದ ಕೈಯಿಂದ ಒತ್ತಿ ಸರಿಮಾಡಲು ಹೋಗಲಿಲ್ಲ. ಹನ್ನೊಂದು ಮಾಡಿದಳು. ಹನ್ನೊಂದನೆಯದನ್ನು ಹಂಚಿನಿಂದ ತೆಗೆದು ಒಲೆಯ ಬಾಯಿಗೆ ಒರಗಿಸಿ ನಿಲ್ಲಿಸುವಾಗ ಎಡಗೈ ಹಂಚಿಗೆ ತಗುಲಿದ್ದು ಆಕೆಗೆ ಗೊತ್ತೇ ಆಗಲಿಲ್ಲ. ಸುಟ್ಟ ವಾಸನೆ ನನಗೆ ಬಂತು. ನಾನು ಕೈ ಎಳೆದು ನೀರಿಗೆ ಅದ್ದಿದೆ. ತುದಿಯಲ್ಲಿ ಬೊಬ್ಬೆ. ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬೇರೆ ಯಾರದೋ ಬೆರಳೆಂಬಂತೆ, “ಉರಿಯುವುದೇ ಇಲ್ಲ” ಎಂದಳು. ಅಲ್ಲಿಗೆ ಆ ದಿನದ ಕೆಲಸ ಮುಗಿಸಿದೆವು. 501 ತುಂಬಿದ್ದು ಮರುದಿನ, ಅದರಲ್ಲಿ ನನ್ನವು ಅರವತ್ತೆರಡು.

ಊರಿನ ಟ್ರ್ಯಾಕ್ಟರಿಗೆ ಬಾಳೆಕಂಬ ಕಟ್ಟಿ, ರೊಟ್ಟಿಯ ಬುಟ್ಟಿಗಳಿಗೆ ಬಿಳಿ ಬಟ್ಟೆ ಹೊದಿಸಿ, ಭಜನೆಯವರನ್ನು ಕೂರಿಸಿಕೊಂಡು ಕೊಪ್ಪಳಕ್ಕೆ ಹೊರಟೆವು. ದಾಸೋಹದ ಉಗ್ರಾಣದಲ್ಲಿ ನನಗೆ ಒಂದು ಆಸೆಯಿತ್ತು, ಆಕೆಯ ಹನ್ನೊಂದನ್ನು ಬೇರೆಯಾಗಿ ಕೊಡಬೇಕೆಂದು. ಬುಟ್ಟಿ ತೆಗೆದುಕೊಂಡ ಸೇವಾಕರ್ತನಿಗೆ ಹೇಳುವಷ್ಟರಲ್ಲಿ ಅವನು ಅದನ್ನು ಗುಡ್ಡದಂಥ ರಾಶಿಯ ಮೇಲೆ ಸುರಿದು ಇನ್ನೊಂದು ಊರಿನ ಬುಟ್ಟಿಗೆ ಕೈಚಾಚಿದ್ದ. ಆಕೆಯ ಕಚ್ಚು ಬಿದ್ದ ರೊಟ್ಟಿ, ನನ್ನ ಜಲಾಶಯದ ನಕ್ಷೆ, ಓಣಿಯವರ ಚಂದ್ರನಂಥವು, ಯಾವ ಯಾವುದೋ ಊರಿನವು, ಎಲ್ಲ ಒಂದಾದವು.

ಸಂಜೆ ತೇರು ಎಳೆದಾಗ ಜನಸಾಗರದ ನಡುವೆ ಆಕೆ ಬಲಗೈಯಿಂದ ಉತ್ತತ್ತಿ ಎಸೆದಳು. ರಾತ್ರಿ ಬೆಟ್ಟ ಹತ್ತಿ, ಮಠದ 11ನೇ ಪೀಠಾಧಿಪತಿಗಳಾಗಿದ್ದ ಗವಿಸಿದ್ಧೇಶ್ವರರ ಗದ್ದುಗೆಯ ಮುಂದೆ ನಿಂತೆವು. ಅವ್ವ, “ಮುಟ್ಟಿಸಿದೆವಪ್ಪಾ” ಎಂದಳು, ಅಷ್ಟೇ. ನಾನು ಏನು ಬೇಡಿದೆ ಎಂದು ಹೆಂಡತಿ ಆಮೇಲೆ ಕೇಳಿದಳು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನಾನು ಆಕೆಯ ಎಡ ಅಂಗೈಯನ್ನೇ ನೋಡುತ್ತಿದ್ದೆ. ಕರಡಿಗೆಯಿಂದ ಲಿಂಗ ತೆಗೆದು, ಹನ್ನೊಂದು ತಿಂಗಳ ಮೇಲೆ ಮೊದಲ ಸಲ, ಅದೇ ಅಂಗೈಯ ಮೇಲೆ ಇಟ್ಟುಕೊಂಡಿದ್ದಳು. ಕೈ ನಡುಗುತ್ತಿತ್ತು. ಪೂರ್ತಿ ಮಡಿಚಲೂ ಬಾರದ, ಪೂರ್ತಿ ಚಾಚಲೂ ಬಾರದ ಆ ಉಂಗುರ ಬೆರಳು, ಲಿಂಗ ಜಾರದ ಹಾಗೆ ಪಕ್ಕದಲ್ಲಿ ಒಂದು ಕಟ್ಟೆಯಂತೆ ಎದ್ದು ನಿಂತಿತ್ತು. ನಾನು ಅಭ್ಯಾಸಬಲದಿಂದ ವಿಭೂತಿಗೆ ಕೈ ಹಾಕಿದೆ. “ಬೇಡ, ನಾನೇ ಧರಿಸುತ್ತೇನೆ” ಎಂದಳು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಕೈ ಖಾಲಿ ಎನಿಸಿದ್ದೂ ನಿಜ.

ಪಂಕ್ತಿಯಲ್ಲಿ ಕುಳಿತೆವು. ರೊಟ್ಟಿ, ಪಲ್ಯ, ಮಾದಲಿ, ಅನ್ನ, ಸಾರು. ಆಕೆ ಎಲೆಯ ಮೇಲಿನ ರೊಟ್ಟಿಯನ್ನು ಎತ್ತಿ ಅಂಚನ್ನು ಸುತ್ತಲೂ ನೋಡಿದಳು. ಕಚ್ಚಿರಲಿಲ್ಲ, ಯಾರದೋ ನುರಿತ ಕೈಯದು. ಖಡಕ್ ರೊಟ್ಟಿ ಮುರಿಯಲು ಎರಡೂ ಕೈ ಬೇಕು, ಒಂದು ವರ್ಷದಿಂದ ಆಕೆಯ ರೊಟ್ಟಿ ಮುರಿಯುತ್ತಿದ್ದವನು ನಾನು. ಆ ದಿನವೂ ಕೈ ಚಾಚಿದೆ. ಅಷ್ಟರಲ್ಲಿ ಚಟ್ಟನೆ ಸದ್ದಾಯಿತು. ಆಕೆ ಅರ್ಧ ತುಂಡನ್ನು ನನ್ನ ಎಲೆಗೆ ಹಾಕಿ, “ಬಡಿಸುವವರು ಮುಂದೆ ಹೋದರು, ಪಲ್ಯ ಕೇಳಿ” ಎಂದಳು.