ಟರ್ಬೈನ್ ನಿಲ್ಲಿಸುವ ದಿನ

ಊರಿನವರೇ ಕಟ್ಟಿಕೊಂಡ ಕಿರು ಜಲವಿದ್ಯುತ್ ಘಟಕದ ನಿಜಸ್ಥಿತಿ ತಿಳಿಯಬೇಕಾದರೆ ಅದು ಓಡುವಾಗಲ್ಲ, ವಾರ್ಷಿಕ ದುರಸ್ತಿಗೆ ನಿಂತಾಗ ಹೋಗಬೇಕು. ಹೊಳೆಯಲ್ಲಿ ನೀರು ಇಳಿದ ಕಾಲದಲ್ಲಿ ಬೆಳಿಗ್ಗೆ ನಿಲ್ಲಿಸಿ, ದೀಪ ಹಚ್ಚುವ ಹೊತ್ತಿಗೆ ಮತ್ತೆ ಓಡಿಸುವುದು ರೂಢಿ.

ಸೆಕೆಂಡಿಗೆ 30 ಲೀಟರ್ ನೀರು 40 ಮೀಟರ್ ಇಳಿದರೆ ಅದರಲ್ಲಿ 11.8 ಕಿಲೋವಾಟ್ ಶಕ್ತಿ ಇರುತ್ತದೆ. ಪೈಪು, ಟರ್ಬೈನು, ಬೆಲ್ಟು, ಜನರೇಟರು ತಮ್ಮ ತಮ್ಮ ಪಾಲು ನುಂಗಿದ ಮೇಲೆ ತಂತಿಗೆ ಬರುವುದು ಸುಮಾರು 6 ಕಿಲೋವಾಟ್. 40 ಮನೆಗೆ ಹಂಚಿದರೆ ತಲಾ 150 ವಾಟ್. ಒಬ್ಬರು ಸಂಜೆ 1,500 ವಾಟಿನ ಹೀಟರ್ ಹಾಕಿದರೆ ಹತ್ತು ಮನೆಯ ಪಾಲು ಹೋಯಿತು.

ನಿಲ್ಲಿಸುವ ಮೊದಲು ಟರ್ಬೈನ್ ಮುಂದಿನ ಪ್ರೆಶರ್ ಗೇಜ್ ಓದಿಕೊಳ್ಳಬೇಕು. 40 ಮೀಟರ್ ಎತ್ತರಕ್ಕೆ ನಿಂತ ನೀರಿನ ಒತ್ತಡ 3.9 ಬಾರ್, ಓಡುವಾಗ ಘರ್ಷಣೆಯಿಂದ ತುಸು ಕಡಿಮೆ. ವಿದ್ಯುತ್ತೂ ಒತ್ತಡವೂ ಎರಡೂ ಇಳಿದಿದ್ದರೆ ಗುಡ್ಡದ ಮೇಲೆ ಪೈಪಿಗೆ ನೀರು ಹೊಗುವಲ್ಲಿನ ಜಾಲರಿಗೆ ಎಲೆ ಕಟ್ಟಿದೆ, ಇಲ್ಲವೇ ಪೈಪಿನೊಳಗೆ ಗಾಳಿ ಸೇರಿದೆ. ವಿದ್ಯುತ್ ಇಳಿದು ಒತ್ತಡ ಏರಿದ್ದರೆ ಟರ್ಬೈನಿಗೆ ನೀರು ಚಿಮ್ಮಿಸುವ ನಾಜಲಿನಲ್ಲಿ ಕಡ್ಡಿಯೋ ಕಲ್ಲೋ ಸಿಕ್ಕಿದೆ. ಇಷ್ಟು ಗೊತ್ತಿದ್ದರೆ ಗುಡ್ಡ ಹತ್ತಬೇಕೋ ಬೇಡವೋ ಅಂತ ಕೆಳಗೇ ತೀರ್ಮಾನವಾಗುತ್ತದೆ.

ಆಮೇಲೆ ಊರಿನ ಲೈನ್ ತೆಗೆಯುವುದು. ಆಗ ಇಡೀ 6 ಕಿಲೋವಾಟನ್ನು ಕಂಟ್ರೋಲರ್ ಬ್ಯಾಲಸ್ಟ್ ಹೀಟರುಗಳಿಗೆ, ಅಂದರೆ ಊರು ಬಳಸದ ವಿದ್ಯುತ್ತನ್ನು ಸುಟ್ಟು ಟರ್ಬೈನಿನ ಹೊರೆ ಸಮನಾಗಿಡುವ ಹೀಟರುಗಳಿಗೆ, ತಿರುಗಿಸಬೇಕು. ಆವರ್ತನ 50 ಹರ್ಟ್ಸ್ ಆಸುಪಾಸಿನಲ್ಲೇ ನಿಂತರೆ ಸರಿ. ಏರುತ್ತ ಹೋದರೆ ಯಾವುದೋ ಹೀಟರ್ ಸುಟ್ಟಿದೆಯೆಂದೇ ಮೊದಲ ಅನುಮಾನ. ಇದನ್ನು ಪತ್ತೆ ಮಾಡದೆ ಬಿಟ್ಟರೆ, ಮಧ್ಯರಾತ್ರಿ ದೀಪಗಳೆಲ್ಲ ಆರಿದಾಗ ಹೊರೆ ಸಾಲದೆ ಟರ್ಬೈನಿನ ವೇಗ ಮಿತಿ ಮೀರುತ್ತದೆ; ಹಾಳಾಗುವುದು ಬೇರಿಂಗು ಮತ್ತು ಜನರೇಟರು.

ವಾಲ್ವ್ ಮುಚ್ಚುವಾಗ ಅವಸರ ಬೇಡವೇ ಬೇಡ. ಓಡುವ ನೀರಿನ ಉದ್ದನೆಯ ಕಂಬವನ್ನು ತಟ್ಟನೆ ತಡೆದರೆ ಆ ಹೊಡೆತಕ್ಕೆ ಪೈಪಿನ ಜೋಡಣೆ ಸೀಳುತ್ತದೆ. ಸಂಜೆ ಮತ್ತೆ ತುಂಬಿಸುವಾಗಲೂ ಅಷ್ಟೇ: ಮೇಲ್ತುದಿಯ ಗಾಳಿಕೊಳವೆ ತೆರೆದಿದೆಯೇ ನೋಡಿ, ಒಳಗಿನ ಗಾಳಿ ಹೊರಬೀಳುವಷ್ಟು ನಿಧಾನಕ್ಕೆ ನೀರು ಬಿಡಬೇಕು.

ಹೂಳುತೊಟ್ಟಿ ತೊಳೆಯುವುದು ಯಾರಿಗೂ ಬೇಡದ ಕೆಲಸ. ಆದರೆ ಅಲ್ಲಿ ನಿಲ್ಲದ ಮರಳು ಟರ್ಬೈನ್ ಚಕ್ರದ ಮೇಲೆ ನೀರು ಬಡಿಯುವ ಪೆಲ್ಟನ್ ಬಟ್ಟಲುಗಳ ನಡುವಿನ ಚೂಪು ಅಂಚನ್ನು ಅರೆದು ಮೊಂಡಾಗಿಸುತ್ತದೆ. ಆಗ ಅಷ್ಟೇ ನೀರಿಗೆ ವಿದ್ಯುತ್ ಕಡಿಮೆ. ಬೆಲ್ಟು ಹೊಸದಾದರೆ ಕೆಲವು ಗಂಟೆ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಬೇಕು.

ಯಂತ್ರಕ್ಕಿಂತ ಕಷ್ಟದ್ದು ಮಧ್ಯಾಹ್ನದ ಸಭೆ. ಮನೆಮನೆಗೆ ವಿದ್ಯುತ್ ಬಳಕೆಯ ಮಿತಿ ಹಾಕುವುದು ಯಾರಿಗೂ ಇಷ್ಟವಿಲ್ಲ. ಸ್ಕಾಟ್ಲೆಂಡಿನ ಎಗ್ ದ್ವೀಪದವರು 2008ರಿಂದ ನೀರು, ಗಾಳಿ, ಬಿಸಿಲು ಮೂರರಿಂದಲೂ ತಮ್ಮದೇ ವಿದ್ಯುತ್ ಜಾಲ ನಡೆಸುತ್ತಿದ್ದಾರೆ. ಅಲ್ಲೂ ಮನೆಗೆ 5 ಕಿಲೋವಾಟ್, ವ್ಯಾಪಾರಕ್ಕೆ 10 ಕಿಲೋವಾಟ್ ಮಿತಿ ಇದೆ. ಮಿಕ್ಕ ವಿದ್ಯುತ್ತಿನಿಂದ ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಿಡುತ್ತಾರೆ. ಬ್ಯಾಲಸ್ಟಿನಲ್ಲಿ ಸುಮ್ಮನೆ ಸುಡುವ ವಿದ್ಯುತ್ತಿಗೆ ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಂಡಿಲ್ಲ.

ದುಡ್ಡಿನ ವಿಷಯ. ಬಿಲ್ಲಿನ ಹಣದಲ್ಲಿ ಮೊದಲು ಆಪರೇಟರನ ಸಂಬಳ, ನಂತರ ಬೇರಿಂಗು, ಬೆಲ್ಟು, ಹೀಟರು, ಕಂಟ್ರೋಲರ್ ಕಾರ್ಡಿಗೆ ಬೇರೆ ಖಾತೆ. ಉಳಿದರೆ ಮಾತ್ರ ಊರ ಕೆಲಸ. ಈ ಸಾಲು ತಿರುವುಮುರುವಾದ ಕಡೆ ಒಂದು ಬೇರಿಂಗ್ ಕೊಳ್ಳಲು ಮನೆಮನೆ ಚಂದಾ ಎತ್ತಬೇಕಾಗುತ್ತದೆ, ಅಲ್ಲಿಯವರೆಗೆ ಕತ್ತಲು.

ಸಂಜೆಯ ದೀಪದಿಂದಷ್ಟೇ ಈ ಖಾತೆ ತುಂಬುವುದಿಲ್ಲ. ಹಗಲಿನ ವಿದ್ಯುತ್ತನ್ನು ಹಿಟ್ಟಿನ ಗಿರಣಿಗೋ ಮರಗೆಲಸಕ್ಕೋ ಮಾರಿದರೆ ಆದಾಯವೂ ಹೌದು, ಊರಲ್ಲೇ ಕೆಲಸವೂ ಹೌದು. ಎಚ್ಚರಿಕೆ ಒಂದಿದೆ: ಗಿರಣಿಯ ಮೋಟಾರ್ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿದು ಮೋಟಾರ್ ತಿರುಗದೆ ಗುಂಯ್‌ಗುಡುತ್ತದೆ. ಮೋಟಾರನ್ನು ಮೆಲ್ಲಗೆ ಶುರು ಮಾಡಿಸುವ ಸಾಫ್ಟ್ ಸ್ಟಾರ್ಟರ್ ಹಾಕಿ, ಖಾಲಿ ಗಿರಣಿ ಪೂರ್ತಿ ವೇಗಕ್ಕೆ ಬಂದ ಮೇಲೆ ಕಾಳು ಸುರಿಯಬೇಕು. ಸಂಜೆ ಐದಕ್ಕೆ ಗಿರಣಿಯ ಮೇನ್ ಸ್ವಿಚ್ ಇಳಿಸುವ ಷರತ್ತನ್ನು ಬಾಯಿಮಾತಿಗೆ ಬಿಡದೆ, ಸಭೆಯ ಪುಸ್ತಕದಲ್ಲಿ ಬರೆದು ಅಲ್ಲೇ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು.