ಕಾರ್ಡು ಬರಲಿ, ಆಮೇಲೆ ನೋಡೋಣ

ಸರ್ಕಾರಿ ಶಾಲೆಗೆ ಅಂಗವಿಕಲ ಮಗುವನ್ನು ಸೇರಿಸಲು ಹೋದ ಅಪ್ಪ-ಅಮ್ಮನಿಗೆ ಮೊದಲು ಸಿಗುವ ಉತ್ತರ ಬಹುತೇಕ ಇದೇ: "ಯುಡಿಐಡಿ ಕಾರ್ಡು ಮಾಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ." ಯುಡಿಐಡಿ ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡು, ವೈಕಲ್ಯದ ಪ್ರಮಾಣಪತ್ರದ ಜೊತೆ ಸಿಗುವಂಥದ್ದು. ಹೇಳುವವರಿಗೆ ಕೆಟ್ಟ ಮನಸ್ಸೇನೂ ಇರುವುದಿಲ್ಲ. ಕಾಯ್ದೆಯೇ ಹಾಗಿದೆ ಅಂತ ನಂಬಿರುತ್ತಾರೆ. ಕಾಯ್ದೆ ಹಾಗಿಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ಕ್ಕೆ. 1995ರ ಹಳೇ ಕಾಯ್ದೆಯ 7 ಬಗೆಯ ವೈಕಲ್ಯ ಇದರಲ್ಲಿ 21 ಆಯಿತು ಅನ್ನುವುದು ತರಬೇತಿಗೆ ಹೋಗಿಬಂದ ಎಲ್ಲರಿಗೂ ಬಾಯಿಪಾಠ. ಶಾಲೆಯ ದಿನನಿತ್ಯದ ಕೆಲಸಕ್ಕೆ ಅದಕ್ಕಿಂತ ಮುಖ್ಯವಾದದ್ದು ಕಲಂ 16 ಮತ್ತು ಕಲಂ 31ರ ನಡುವಿನ ವ್ಯತ್ಯಾಸ. ಶೇ 40 ಅಥವಾ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ, ಇಲ್ಲವೇ ತಾನು ಆರಿಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಕೊಡುವುದು 31. ಅದಕ್ಕೆ ಪ್ರಮಾಣಪತ್ರ ಬೇಕು, ಸರಿ. ಕಲಂ 16ರಲ್ಲಿ ಶೇಕಡಾ ಅನ್ನುವ ಮಾತೇ ಬರುವುದಿಲ್ಲ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವುದು, ಕಟ್ಟಡ-ಶೌಚಾಲಯ ಬಳಸುವಂತೆ ಮಾಡುವುದು, ಆ ಮಗುವಿಗೆ ಬೇಕಾದ ಹೊಂದಾಣಿಕೆ, ವೈಯಕ್ತಿಕ ಬೆಂಬಲ, ಪ್ರಗತಿಯ ಮೇಲೆ ಕಣ್ಣಿಡುವುದು, ಓಡಾಟದ ವ್ಯವಸ್ಥೆ, ಎಲ್ಲವೂ ಅಲ್ಲಿವೆ. ಕಾರ್ಡಿನ ಷರತ್ತಿಲ್ಲ. (ಆ ಕಲಮಿನಲ್ಲಿ ಸರ್ಕಾರ 'ಪ್ರಯತ್ನಿಸತಕ್ಕದ್ದು' ಎಂದಿದೆ. ಕೆಲಸ ತಪ್ಪಿಸಿಕೊಳ್ಳುವವರಿಗೆ ಆ ಒಂದು ಪದ ದೊಡ್ಡ ಆಸರೆ.)

ಕಾರ್ಡಿಗೆ ಕಾದರೆ ಏನಾಗುತ್ತದೆ ಎಂಬುದು ಕಲಿಕಾ ನ್ಯೂನತೆಯ, ಅಂದರೆ ಓದು-ಬರಹ-ಲೆಕ್ಕದಲ್ಲಿ ತೊಡಕಿರುವ, ಮಕ್ಕಳಲ್ಲಿ ಚೆನ್ನಾಗಿ ಕಾಣುತ್ತದೆ. ಕೇಂದ್ರ 2018ರಲ್ಲಿ ಹೊರಡಿಸಿದ ಮೌಲ್ಯಮಾಪನ ಮಾರ್ಗಸೂಚಿಯ ಪ್ರಕಾರ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಪ್ರಮಾಣಪತ್ರ ಕೊಡುವುದು 8 ವರ್ಷ ತುಂಬಿದ ಮೇಲೆ. 14ಕ್ಕೆ ಮತ್ತು 18ಕ್ಕೆ ಮತ್ತೆ ತಪಾಸಣೆ. ಅಂದರೆ ಒಂದು, ಎರಡನೇ ತರಗತಿಯ ಮಗುವಿಗೆ ಕಾಗದ ಸಿಗುವ ದಾರಿಯೇ ಇಲ್ಲ. ಅದೇ ಹೊತ್ತಿಗೆ ಕಲಂ 16 ಈ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಕಲಿಸುವ ಕ್ರಮ ಬದಲಿಸಿ ಅನ್ನುತ್ತದೆ. ಕಾಗದ ಬಂದ ಮೇಲೆ ಶುರುಮಾಡಿದರೆ ಎರಡು ವರ್ಷ ಹೋಯಿತು. ಆ ಎರಡು ವರ್ಷದಲ್ಲೇ ಕಾಗುಣಿತ, ಒತ್ತಕ್ಷರ ಮುಗಿದಿರುತ್ತವೆ.

ಹಾಗಾದರೆ ಕಾರ್ಡು ಇಲ್ಲದೆ ಏನು ಮಾಡಬಹುದು? ಒಂದು ನೋಟ್‌ಬುಕ್ ಸಾಕು. ಆರರಿಂದ ಎಂಟು ವಾರ, ವಾರಕ್ಕೊಮ್ಮೆ, ದಿನಾಂಕ ಹಾಕಿ: ಮಗು ಓದಿದ 20 ಪದ, ಉಕ್ತಲೇಖನದಲ್ಲಿ ಬರೆದ 10 ಪದ. ತಪ್ಪಿಗೆ ಕೆಂಪು ಗೆರೆ ಎಳೆಯುವ ಬದಲು ಮಗು ಏನು ಓದಿತೋ ಅದನ್ನೇ ಪಕ್ಕದಲ್ಲಿ ಬರೆದಿಡಿ. 'ಅರಸ' ಸಲೀಸಾಗಿ ಓದಿ, 'ಅಕ್ಕ'ದ ಹತ್ತಿರ ನಿಂತು, 'ಶಾಸ್ತ್ರ'ವನ್ನು ಬಿಟ್ಟೇಬಿಡುವ ಮಗುವಿನ ತೊಡಕು ಒತ್ತಕ್ಷರದಲ್ಲಿದೆ. 'ಪ' ಇದ್ದಲ್ಲಿ 'ಷ', 'ವ' ಇದ್ದಲ್ಲಿ 'ಮ' ಓದುತ್ತಿದ್ದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. 'ಕೆ-ಕೇ', 'ಕೊ-ಕೋ' ಬರೆಯುವಾಗ ಮಾತ್ರ ಅದಲುಬದಲಾದರೆ ಕಿವಿಯ ಕಡೆ ಅನುಮಾನ ಹೋಗಲಿ. ಮುಂದೆ ಜಿಲ್ಲಾ ಆಸ್ಪತ್ರೆಗೆ ಕಳಿಸುವಾಗ ಈ ನೋಟ್‌ಬುಕ್ ಜೊತೆಯಲ್ಲಿರಲಿ. "ಓದಿನಲ್ಲಿ ಹಿಂದಿದ್ದಾನೆ" ಎಂಬ ಒಂದು ಸಾಲಿನ ಪತ್ರದಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಎನ್‌ಸಿಇಆರ್‌ಟಿಯ 'ಪ್ರಶಸ್ತ್' ಆ್ಯಪ್‌ನಲ್ಲಿ 21 ಬಗೆಗೂ ತಪಾಸಣಾ ಪಟ್ಟಿ ಇದೆ, ಬಳಸಿ. ಆದರೆ ಅದು ಜರಡಿ ಹಿಡಿಯುವ ಸಾಧನ ಅಷ್ಟೇ. ಅದರ ಫಲಿತಾಂಶ ನೋಡಿ "ಇವನಿಗೆ ಆಟಿಸಂ" ಅಂತ ಪೋಷಕರಿಗೆ ಹೇಳಿಬಿಡುವ ತಪ್ಪು ಮಾಡಬಾರದು.

ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಐಇಪಿ, ಬರೆಯುವಾಗಲೂ ಈ ನೋಟ್‌ಬುಕ್ಕೇ ಆಧಾರ. ಕಡತಗಳಲ್ಲಿ ಕಾಣುವ ಐಇಪಿಗಳಲ್ಲಿ ಗುರಿಯ ಕಾಲಮಿನಲ್ಲಿ "ಓದುವ ಸಾಮರ್ಥ್ಯ ಹೆಚ್ಚಿಸುವುದು" ಅಂತ ಇರುತ್ತದೆ. ವರ್ಷದ ಕೊನೆಗೆ ಅದು ಆಯಿತೋ ಇಲ್ಲವೋ ಯಾರಿಗೂ ಹೇಳಲಾಗುವುದಿಲ್ಲ. ಹೀಗೆ ಬರೆದು ನೋಡಿ: "ಅಕ್ಟೋಬರ್ ಕೊನೆಯೊಳಗೆ, ಸಜಾತಿ ಒತ್ತಕ್ಷರವಿರುವ 20 ಪದಗಳಲ್ಲಿ 16ನ್ನು ನೆರವಿಲ್ಲದೆ ಓದುವುದು. ಈಗ ಓದುತ್ತಿರುವುದು 5. ದಿನಕ್ಕೆ 15 ನಿಮಿಷ, ಅಕ್ಷರದ ಕಾರ್ಡು ಜೋಡಿಸಿ. ಹೊಣೆ: ತರಗತಿ ಶಿಕ್ಷಕಿ. ಪ್ರತಿ ಎರಡನೇ ಶನಿವಾರ ಪರಿಶೀಲನೆ." ಇಂಥ ಮೂರು ಗುರಿ ಒಂದು ಹಾಳೆಯಲ್ಲಿ ಹಿಡಿಯುತ್ತವೆ. ಮೂರಕ್ಕಿಂತ ಹೆಚ್ಚು ಬರೆದವರು ಮೂರನ್ನೂ ಮಾಡುವುದಿಲ್ಲ. ಹೊಣೆಯ ಜಾಗದಲ್ಲಿ ಬಿಐಇಆರ್‌ಟಿ (ತಾಲ್ಲೂಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು) ಹೆಸರು ಮಾತ್ರ ಇದ್ದರೆ ಆ ಐಇಪಿ ಸತ್ತಂತೆಯೇ. ಅವರು ಇಡೀ ತಾಲ್ಲೂಕು ಸುತ್ತುವವರು, ನಿಮ್ಮ ಶಾಲೆಗೆ ದಿನಾ ಬರುವವರಲ್ಲ.

ಶಿಕ್ಷಕರ ಸಂಖ್ಯೆಯ ಲೆಕ್ಕ ಬಂದದ್ದು ಸುಪ್ರೀಂ ಕೋರ್ಟಿನಿಂದ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರಿನಲ್ಲಿ ತೀರ್ಪು ಬಂತು, 2022ರಲ್ಲಿ ಕೇಂದ್ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಅನುಸೂಚಿಗೆ ಅನುಪಾತ ಸೇರಿಸಿತು: 1ರಿಂದ 5ನೇ ತರಗತಿಯಲ್ಲಿ 10 ಅಂಗವಿಕಲ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, 6ರಿಂದ 8ರಲ್ಲಿ 15ಕ್ಕೆ ಒಬ್ಬ. ಹುದ್ದೆ ಮಂಜೂರು ಮಾಡಿ ನೇಮಕ ಶುರುಮಾಡಿ ಎಂದು 2025ರ ಮಾರ್ಚಿನಲ್ಲಿ ಕೋರ್ಟು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಹಳ್ಳಿ ಶಾಲೆಯ ಪಾಡೇ ಬೇರೆ. ಅಲ್ಲಿರುವುದು ಇಬ್ಬರೋ ಮೂವರೋ ಇಂಥ ಮಕ್ಕಳು. ಅನುಪಾತ ಪೂರ್ತಿ ಪಾಲಿಸಿದರೂ ಆ ಶಾಲೆಗೊಬ್ಬ ಕಾಯಂ ವಿಶೇಷ ಶಿಕ್ಷಕ ಬರುವುದಿಲ್ಲ, ಕ್ಲಸ್ಟರಿನ ಶಾಲೆಗಳು ಹಂಚಿಕೊಳ್ಳಬೇಕು. ಉಳಿದ ದಿನ ಕಲಿಸುವವರು ಮಾಮೂಲಿ ಶಿಕ್ಷಕರೇ. ಆದ್ದರಿಂದ ತರಬೇತಿ ಅವರಿಗೆ ಮೊದಲು ಸಿಗಬೇಕು.

ಹಣದ ಮಾತು ಚಿಕ್ಕದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅಂಗವಿಕಲ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಅವಕಾಶವಿದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ 10 ತಿಂಗಳ ಭತ್ಯೆ ಬೇರೆ. ಇದು ತಪ್ಪುವುದು ಹೆಚ್ಚಾಗಿ ಹೆಸರಿನಿಂದ. ಸ್ಯಾಟ್ಸ್‌ನಲ್ಲಿ (ರಾಜ್ಯದ ವಿದ್ಯಾರ್ಥಿ ದಾಖಲೆಯ ತಂತ್ರಾಂಶ) 'ಮಂಜುಳ ಎಂ', ಆಧಾರ್‌ನಲ್ಲಿ 'ಮಂಜುಳಾ', ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಜೂನ್‌ನಲ್ಲಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹತ್ತು ನಿಮಿಷದ ಕೆಲಸ. ಫೆಬ್ರುವರಿಯಲ್ಲಿ ನೋಡಿದರೆ ಆ ವರ್ಷದ ದುಡ್ಡು ಹೋದ ಹಾಗೆ.

ಸಾಧನ ಕೊಟ್ಟ ಮೇಲಿನ ಕತೆಯನ್ನು ಯಾರೂ ದಾಖಲಿಸುವುದಿಲ್ಲ. ಶ್ರವಣ ಯಂತ್ರವನ್ನೇ ತಗೊಳ್ಳಿ. ಅದರ ಜಿಂಕ್-ಏರ್ ಬ್ಯಾಟರಿ ಒಂದೆರಡು ವಾರಕ್ಕೆ ಮುಗಿಯುತ್ತದೆ. ಹಿಂಬದಿಯ ಸ್ಟಿಕರ್ ಕಿತ್ತ ಕ್ಷಣದಿಂದ ಗಾಳಿ ತಾಗಿ ಖರ್ಚಾಗಲು ಶುರು, ಹಾಗಾಗಿ "ರೆಡಿ ಇರಲಿ" ಅಂತ ನಾಲ್ಕರ ಸ್ಟಿಕರನ್ನೂ ಒಟ್ಟಿಗೆ ಕಿತ್ತಿಟ್ಟರೆ ನಾಲ್ಕೂ ವ್ಯರ್ಥ. ತರಗತಿಯಲ್ಲಿ ಯಂತ್ರ 'ಕುಂಯ್' ಅಂತ ಸದ್ದು ಮಾಡಿದರೆ ಶಿಕ್ಷಕರು ತೆಗೆದಿಡಲು ಹೇಳುತ್ತಾರೆ. ಆ ಸದ್ದು ಸಾಮಾನ್ಯವಾಗಿ ಯಂತ್ರದ ದೋಷವಲ್ಲ. ಮಗು ಬೆಳೆದಿದೆ, ಕಿವಿಯ ಅಚ್ಚು ಸಡಿಲವಾಗಿ ಸದ್ದು ಹೊರಗೆ ಸೋರಿ ಮತ್ತೆ ಮೈಕಿಗೇ ಹೋಗುತ್ತಿದೆ. ಹೊಸ ಅಚ್ಚು ಹಾಕಿಸಬೇಕು, ಚಿಕ್ಕ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್‌ಗೂ ಇದೇ ಮಾತು: ಶಿಬಿರದಲ್ಲಿ ತೆಗೆದ ಅಳತೆ, ತಿಂಗಳುಗಳ ನಂತರ ಬರುವ ಸಾಧನ, ಅಷ್ಟರಲ್ಲಿ ಉದ್ದವಾದ ಕಾಲು. ಬಂದ ದಿನವೇ ಹಾಕಿಸಿ ನಡೆಸಿ ನೋಡಿ, ಹೊಂದದಿದ್ದರೆ ಅಂದೇ ಬರೆದು ಕೊಡಿ. ಸ್ವೀಕೃತಿಗೆ ಸಹಿ ಆಮೇಲೆ.

ಇನ್ನು ರ‍್ಯಾಂಪು. ಇಳಿಜಾರು 1:12 ಇರಬೇಕು. ಜಗಲಿ 45 ಸೆಂ.ಮೀ. ಎತ್ತರವಿದ್ದರೆ ರ‍್ಯಾಂಪಿನ ಉದ್ದ 5.4 ಮೀಟರ್. ಜಾಗ ಸಾಲದು ಅಂತ ಎರಡೂವರೆ ಮೀಟರಿಗೆ ಮುಗಿಸಿದರೆ ಗಾಲಿಕುರ್ಚಿಯ ಮುಂದಿನ ಚಕ್ರ ಮೇಲೇಳುತ್ತದೆ, ಮಗು ಒಂಟಿಯಾಗಿ ಹತ್ತಲಾರದು. ಜಾಗ ಇಲ್ಲದಿದ್ದರೆ ನಡುವೆ ಸಮತಟ್ಟು ಕೊಟ್ಟು ತಿರುಗಿಸಿ, ಗೋಡೆಗುಂಟ ತನ್ನಿ. ಮೇಲೆ ಮುಟ್ಟಿದ ಮೇಲೆ ಕುರ್ಚಿ ತಿರುಗಲು 1,500 ಮಿ.ಮೀ. ಬಯಲು ಬೇಕು, ಬಾಗಿಲಲ್ಲಿ ಅಡ್ಡಿಯಿಲ್ಲದ 900 ಮಿ.ಮೀ. ಅಗಲ. ಕೆಳತುದಿಯಲ್ಲಿ ಜಲ್ಲಿ, ಮೇಲ್ತುದಿಯಲ್ಲಿ ಹೊಸ್ತಿಲು, ಎರಡೂ ಕಡೆ ಕೈಹಿಡಿ ಇಲ್ಲ: ಫೋಟೋದಲ್ಲಿ ರ‍್ಯಾಂಪು ಇದೆ, ಶಾಲೆಗಳ ಮಾಹಿತಿ ತುಂಬುವ ಯು-ಡೈಸ್‌ನಲ್ಲಿ 'ಹೌದು' ಅಂತ ಭರ್ತಿಯಾಗಿದೆ. ಬಿಲ್ ಪಾಸಾಗುವ ಮುಂಚೆ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಟೇಪು ಹಿಡಿದು ಅಳೆದರೆ ಸಾಕು, ಎಂಜಿನಿಯರ್ ಆಗಿರಬೇಕಿಲ್ಲ.

ಗೃಹಾಧಾರಿತ ಶಿಕ್ಷಣದ ವಿಷಯದಲ್ಲಿ ನನಗೆ ತಕರಾರಿದೆ. ಆರ್‌ಟಿಇ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಬಹುವಿಧ ಅಥವಾ ತೀವ್ರ ವೈಕಲ್ಯವಿರುವ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಕೊಟ್ಟಿತು. ಆಯ್ಕೆ ಮಗುವಿನದು. ಶೌಚಾಲಯಕ್ಕೆ ಕರೆದೊಯ್ಯುವವರಿಲ್ಲ ಎಂಬ ಕಾರಣಕ್ಕೆ ಶಾಲೆಯೇ ಆ ಕಾಲಮಿಗೆ ಟಿಕ್ ಹಾಕುವುದು ಕಾಯ್ದೆಯನ್ನು ತಲೆಕೆಳಗು ಮಾಡಿದಂತೆ. ಹಾಗೆ ಆಗಿದ್ದರೆ ಪೋಷಕರು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಲಿಖಿತವಾಗಿ ಕೇಳಬಹುದು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದ ಅರ್ಜಿ ಅರ್ಜಿಯೇ ಅಲ್ಲ. ಅಲ್ಲಿಂದ ಮುಂದಕ್ಕೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿದ್ದಾರೆ.

ಕಾರ್ಡಿನ ಭ್ರಮೆ ಪರೀಕ್ಷೆಯಲ್ಲೂ ಕಾಡುತ್ತದೆ. ಕಲಂ 17 ಹೆಚ್ಚುವರಿ ಸಮಯ, ಲಿಪಿಕಾರ (ಮಗು ಹೇಳಿದ್ದನ್ನು ಬರೆಯುವವರು), ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ ಮೂರನ್ನೂ ಹೇಳುತ್ತದೆ. 2018ರ ಕೇಂದ್ರ ಮಾರ್ಗಸೂಚಿಯಂತೆ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲ. ಶೇ 40 ಇಲ್ಲದವರಿಗೂ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂಬುದು ಸುಪ್ರೀಂ ಕೋರ್ಟಿನ ವಿಕಾಶ್ ಕುಮಾರ್ ಪ್ರಕರಣದಲ್ಲಿ 2021ರಲ್ಲೇ ಇತ್ಯರ್ಥವಾಗಿದೆ. ಬರೆಯಲು ತೊಡಕಿರುವ ಅಂಥವರಿಗಾಗಿ 2022ರ ಆಗಸ್ಟಿನಲ್ಲಿ ಪ್ರತ್ಯೇಕ ಮಾರ್ಗಸೂಚಿಯೂ ಬಂತು. ಅನುಮತಿ ಸಿಗುವುದು ಅರ್ಧ ಕೆಲಸ. ಹೇಳಿ ಬರೆಸುವುದು ತಾನೇ ಒಂದು ವಿದ್ಯೆ. ಒಂಬತ್ತನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಲಿಪಿಕಾರರನ್ನು ಕೂರಿಸಿ ಅಭ್ಯಾಸ ಮಾಡಿಸಿ. "ಆವರಣ ತೆರೆ, ಎಕ್ಸ್ ಪ್ಲಸ್ ಎರಡು, ಆವರಣ ಮುಚ್ಚು, ಇಡಿಯಾಗಿ ವರ್ಗ" ಅಂತ ಬಿಡಿಸಿ ಹೇಳದೆ "ಎಕ್ಸ್ ಪ್ಲಸ್ ಎರಡು ವರ್ಗ" ಅಂದರೆ, ಲಿಪಿಕಾರ ಎರಡರ ತಲೆಯ ಮೇಲೆ ಮಾತ್ರ ವರ್ಗ ಬರೆದಿರುತ್ತಾನೆ. ಅಂಕ ಹೋಗುವುದು ಅಲ್ಲಿ.